ದವಾಖಾನಿ ಬಾಗಿಲು ತೆರೆದೈತಿ, ಎಲ್ಲರೂ ಒಳಗ ಯಾಕ ಬರೂದಿಲ್ಲ?



ಈ ಪಾಠವನ್ನು ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ ಸ್ವಸಹಾಯ ಸಂಘಗಳ ಸಭೆಗಾಗಿ ಬರೆದಿದ್ದೇವೆ. ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ, ನಡುವೆ ನಿಲ್ಲಿಸಿ ಮಾತಾಡಲಿ. ಒಂದು ಸಭೆಗೆ ಮುಗಿಯದಿದ್ದರೆ ಎರಡು ಸಭೆ ಮಾಡಿರಿ, ಅವಸರ ಬೇಡ.

ಪಾಠದ ಉದ್ದೇಶ: ಆರೋಗ್ಯದ ಸೌಲಭ್ಯ ಎಲ್ಲರಿಗೂ ಇದ್ದರೂ ಕೆಲವರಿಗೆ ಮಾತ್ರ ಯಾಕೆ ಮುಟ್ಟುವುದಿಲ್ಲ ಎಂಬುದನ್ನು ತಿಳಿಯುವುದು, ನಮ್ಮ ಓಣಿಯಲ್ಲಿ ಹಿಂದೆ ಉಳಿದವರು ಯಾರು ಎಂದು ಗುರುತಿಸುವುದು, ಅವರನ್ನು ಒಳಗೆ ಕರೆದುಕೊಳ್ಳಲು ನಾವು ಮಾಡಬಹುದಾದ ಕೆಲಸವನ್ನು ನಿರ್ಧರಿಸುವುದು.

1. ಇರುವುದೇನು, ಮುಟ್ಟುವುದೇನು?

ಗೋಕಾಕ ಫಾಲ್ಸ್ ನೋಡಲು ದೂರ ದೂರದಿಂದ ಜನ ಬರುತ್ತಾರೆ. ಘಟಪ್ರಭೆ ಸುಮಾರು 52 ಮೀಟರ್ ಮೇಲಿಂದ ಧುಮುಕುವುದನ್ನು ತೂಗುಸೇತುವೆ ಮೇಲೆ ನಿಂತು ನೋಡುತ್ತಾರೆ. ಈ ನೀರಿನ ಬಲ ನಂಬಿ 1880ರ ದಶಕದಲ್ಲಿ ಇಲ್ಲಿ ಹತ್ತಿಯ ಗಿರಣಿ ಬಂತು, ಗಿರಣಿ ಸುತ್ತ ಊರು ಬೆಳೆಯಿತು. ಮೇಲ್ಗಡೆ ಹುಕ್ಕೇರಿ ತಾಲೂಕಿನ ಹಿಡಕಲ್‌ನಲ್ಲಿ ಆಣೆಕಟ್ಟು ಆಯಿತು, ಕಾಲುವೆ ಬಂದವು, ಕಬ್ಬು ಬಂತು, ಸಕ್ಕರೆ ಕಾರ್ಖಾನೆಗಳು ಬಂದವು. ಘಟಪ್ರಭಾದಲ್ಲಿ ಡಾ. ನಾ. ಸು. ಹರ್ಡೀಕರರಂಥ ಹಿರಿಯರು ದುಡಿದ ಕರ್ನಾಟಕ ಆರೋಗ್ಯಧಾಮ ಇದೆ. ತಾಲೂಕಾ ಸ್ಥಳಗಳಲ್ಲಿ ಸರಕಾರಿ ದವಾಖಾನಿ ಇವೆ, ಹಳ್ಳಿಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿವೆ. ಬಯಲು ಸೀಮೆಯಲ್ಲಿ 30,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನರಿಗೊಂದು ಉಪಕೇಂದ್ರ, ಸುಮಾರು 1,000 ಜನರಿಗೊಬ್ಬ ಆಶಾ ಕಾರ್ಯಕರ್ತೆ ಇರಬೇಕೆಂಬುದು ಸರಕಾರದ ಲೆಕ್ಕ.

ಅಂದರೆ ನಮ್ಮ ಭಾಗದಲ್ಲಿ ಏನೂ ಇಲ್ಲ ಅಂತ ಹೇಳುವ ಹಾಗಿಲ್ಲ. ಇದೆ. ಆದರೂ ಅದೇ ಊರಿನ ಒಂದು ಓಣಿಯವರು ಜಡ್ಡು ಬಂದ ದಿನವೇ ಡಾಕ್ಟರ ಹತ್ತಿರ ಹೋಗುತ್ತಾರೆ, ಇನ್ನೊಂದು ಕೇರಿಯವರು ಮಲಗಿದ ಮೇಲೆ ಹೋಗುತ್ತಾರೆ, ಮತ್ತೆ ಕೆಲವರು ಹೋಗುವುದೇ ಇಲ್ಲ. ಇದು ಯಾಕೆ?

"ಅವರಿಗೆ ತಿಳುವಳಿಕಿ ಇಲ್ಲರೀ" ಅಂತ ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಆ ಉತ್ತರ ಪೂರ್ತಿ ಸರಿಯಲ್ಲ.

2. ಸಮಾನತೆ ಬೇರೆ, ಸಮನ್ಯಾಯ ಬೇರೆ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಊರಲ್ಲಿ ಸೋಮವಾರ ಮುಂಜಾನೆ 10 ಗಂಟೆಗೆ ಉಚಿತ ತಪಾಸಣಾ ಶಿಬಿರ ಅಂತ ಮೈಕಿನಲ್ಲಿ ಸಾರುತ್ತಾರೆ. ಬಾಗಿಲು ಎಲ್ಲರಿಗೂ ಒಂದೇ, ಫೀ ಯಾರಿಗೂ ಇಲ್ಲ. ಇದು ಸಮಾನತೆ.

ಆದರೆ ಕಬ್ಬು ಕಡಿಯುವ ಗ್ಯಾಂಗಿನವರು ಆ ಹೊತ್ತಿಗೆ ಹೊಲದಲ್ಲಿ ಇರುತ್ತಾರೆ. ಕೂಲಿ ಹೆಣ್ಣುಮಗಳು ಶಿಬಿರಕ್ಕೆ ಬಂದರೆ ಆ ದಿನದ ಪಗಾರ ಹೋಯಿತು. ಕಿವಿ ಕೇಳದವರಿಗೆ ಮೈಕು ಕೇಳಿಸಲಿಲ್ಲ. ಕಾಲು ಇಲ್ಲದವರಿಗೆ ಶಾಲೆಯ ಮೆಟ್ಟಿಲು ಹತ್ತಲಾಗಲಿಲ್ಲ. ಇನ್ನೊಬ್ಬಾಕೆ ಬಂದಳು, ಆದರೆ ಸರದಿಯಲ್ಲಿ ನಿಂತವರು ಆಕೆಯನ್ನು ನೋಡಿ ಸೆರಗು ಸರಿಸಿಕೊಂಡರು. ಆಕೆ ಚೀಟಿ ಮಾಡಿಸದೆ ತಿರುಗಿ ಹೋದಳು. ಸಂಜೆ ಲೆಕ್ಕ ತೆಗೆದರೆ ಶಿಬಿರದಲ್ಲಿ ಹೆಚ್ಚು ಲಾಭ ಪಡೆದವರು, ಮೊದಲೇ ದವಾಖಾನಿಗೆ ಹೋಗಿಬರುವ ಅನುಕೂಲ ಇದ್ದವರೇ.

ಸಮನ್ಯಾಯ ಅಂದರೆ ಯಾರಿಗೆ ಯಾವ ಅಡ್ಡಿ ಇದೆಯೋ ಅದನ್ನು ತೆಗೆದು ಕೊಡುವುದು. ಗ್ಯಾಂಗಿನವರ ಗುಡಿಸಲಿಗೆ ಸಂಜೆ ಹೋಗುವುದು, ಕಿವಿ ಕೇಳದವರ ಮನೆಗೆ ಹೋಗಿ ಹೇಳುವುದು, ಅವಮಾನಕ್ಕೆ ಅಂಜಿದವಳ ಜೊತೆ ಒಬ್ಬರು ನಡೆದು ಬರುವುದು. ಒಬ್ಬರಿಗೆ ಹೆಚ್ಚು ಮಾಡಿದ ಹಾಗೆ ಕಂಡರೂ ಅದು ಪಕ್ಷಪಾತ ಅಲ್ಲ, ಅಡ್ಡಿ ಹೆಚ್ಚು ಇದ್ದಲ್ಲಿ ಸಹಾಯ ಹೆಚ್ಚು ಬೇಕು.

ಈ ಮಾತನ್ನು ಬೇರೆ ದೇಶದವರೂ ಕಂಡುಕೊಂಡಿದ್ದಾರೆ. ಬ್ರಿಟನ್ನಿನ ವೇಲ್ಸ್ ಪ್ರಾಂತದ ಕಲ್ಲಿದ್ದಲು ಗಣಿ ಕಾರ್ಮಿಕರ ಹಳ್ಳಿಯಲ್ಲಿ ಕೆಲಸ ಮಾಡುತ್ತಿದ್ದ ಡಾ. ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಬರೆದದ್ದು ಇಷ್ಟು: ಒಳ್ಳೆಯ ವೈದ್ಯಕೀಯ ಆರೈಕೆ ಅದರ ಅಗತ್ಯ ಹೆಚ್ಚಿದ್ದವರಿಗೇ ಕಡಿಮೆ ಸಿಗುತ್ತದೆ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು, ಮೈಕೆಲ್ ಮಾರ್ಮೊಟ್ ಅವರ ಅಧ್ಯಕ್ಷತೆಯಲ್ಲಿ, ಇನ್ನೊಂದು ಮಾತು ಹೇಳಿತು: ಜನರ ಆರೋಗ್ಯವನ್ನು ಔಷಧಿ ಮಾತ್ರ ನಿರ್ಧರಿಸುವುದಿಲ್ಲ, ಹುಟ್ಟಿದ ಮನೆ, ಉಣ್ಣುವ ಅನ್ನ, ಮಾಡುವ ಕೆಲಸ, ಕಲಿತ ಶಾಲೆ, ಸಮಾಜದಲ್ಲಿ ಸಿಗುವ ಮಾನ ಇವೆಲ್ಲ ಸೇರಿ ನಿರ್ಧರಿಸುತ್ತವೆ.

3. ನಮ್ಮ ಭಾಗದ ಉದಾಹರಣೆ: ಮುತ್ತು ಕಟ್ಟಿಸಿಕೊಂಡ ಅಕ್ಕಂದಿರು

ಇದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಸವದತ್ತಿ ಯಲ್ಲಮ್ಮನ ಹೆಸರಿನಲ್ಲಿ ಸಣ್ಣ ಹುಡುಗಿಯರಿಗೆ ಮುತ್ತು ಕಟ್ಟುವ ಪದ್ಧತಿ ನಮ್ಮ ಮೂರು ತಾಲೂಕುಗಳಿಗೂ ಗೊತ್ತು. ಮನೆಯಲ್ಲಿ ಗಂಡು ಮಗ ಇಲ್ಲ, ಯಾರಿಗೋ ಜಡ್ಡು ವಾಸಿಯಾಗಲಿಲ್ಲ, ತಲೆಯಲ್ಲಿ ಜಡೆ ಬಂತು ಎಂಬ ಕಾರಣಕ್ಕೆ ಹರಕೆ ಹೊತ್ತರು. ಹೀಗೆ ಬಿಡಲ್ಪಟ್ಟವರಲ್ಲಿ ಬಹುಪಾಲು ಪರಿಶಿಷ್ಟ ಜಾತಿಯ ಬಡ ಮನೆಗಳ ಹೆಣ್ಣುಮಕ್ಕಳು. ಹರಕೆ ದೇವಿಯ ಹೆಸರಿನಲ್ಲಿ ಆದರೂ, ಆ ಹುಡುಗಿಯ ಮೈ ಮೇಲೆ ಹಕ್ಕು ನಡೆಸಿದವರು ಊರಿನ ಉಳ್ಳವರು.

ನಮ್ಮ ಜಿಲ್ಲೆ ಮುಂಬೈ ಪ್ರಾಂತದಲ್ಲಿದ್ದಾಗಲೇ, 1934ರಲ್ಲಿ, ಇದನ್ನು ತಡೆಯಲು ಕಾಯ್ದೆ ಬಂತು. ಆಮೇಲೆ ಕರ್ನಾಟಕ ಸರಕಾರ 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಮಾಡಿತು. ಮುತ್ತು ಕಟ್ಟಿಸಿದ ತಂದೆ ತಾಯಿಗೆ 2ರಿಂದ 5 ವರ್ಷ ಸಜೆ ಎಂದು ಅದರಲ್ಲಿತ್ತು. ಪದ್ಧತಿ ಕಡಿಮೆಯಾಯಿತು, ಆದರೆ ಒಂದು ಭಾಗ ಬಚ್ಚಿಟ್ಟುಕೊಂಡು ನಡೆಯಿತು. 1993-94ರ ಸಮೀಕ್ಷೆಯಲ್ಲಿ ರಾಜ್ಯದಲ್ಲಿ 22,873 ದೇವದಾಸಿಯರನ್ನು ಗುರುತಿಸಿದರು. 2007-08ರಲ್ಲಿ ಮತ್ತೆ ಸಮೀಕ್ಷೆ ಆದಾಗ ಒಟ್ಟು ಸಂಖ್ಯೆ 46,660 ಆಯಿತು. ಪಟ್ಟಿಯಲ್ಲಿ ಹೆಸರು ಇದ್ದವರಿಗೆ ಮಾಸಾಶನ, ಮನೆ, ಸಾಲದ ಸೌಲಭ್ಯದ ದಾರಿ ತೆರೆಯಿತು. ಹೆಸರು ಬರೆಸಲು ಅಂಜಿದವರು, ದುಡಿಯಲು ಪರಊರಿಗೆ ಹೋದವರು ಪಟ್ಟಿಯ ಹೊರಗೆ ಉಳಿದರು. ಇಲ್ಲಿ ನೋಡಿರಿ, ಅತಿ ಕಷ್ಟದಲ್ಲಿ ಇದ್ದವಳೇ ಲೆಕ್ಕಕ್ಕೆ ಸಿಗಲಿಲ್ಲ.

ಈಗ ಆರೋಗ್ಯದ ಮಾತಿಗೆ ಬರೋಣ. ಬಡತನ, ಶಾಲೆ ಇಲ್ಲ, ಎಳೆಯ ವಯಸ್ಸು, ಬೇಡ ಅನ್ನುವ ಹಕ್ಕಿಲ್ಲ. ಊರಲ್ಲಿ ಹೊಟ್ಟೆ ತುಂಬದೆ ಹಲವರು ಸಾಂಗ್ಲಿ, ಮಿರಜ, ಪುಣೆ, ಮುಂಬೈಗೆ ಹೋದರು. ನಿರೋಧ ಬಳಸು ಅಂತ ಗಿರಾಕಿಗೆ ಹೇಳುವ ಧೈರ್ಯ ಎಲ್ಲಿಂದ ಬರಬೇಕು? ಎಚ್.ಐ.ವಿ. ಬಂದಾಗ ಅದು ಮೊದಲು ಹಿಡಿದದ್ದು ಇಂಥವರನ್ನು. 2000ದ ನಂತರದ ವರ್ಷಗಳಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳು ಎಚ್.ಐ.ವಿ. ಹೆಚ್ಚಾಗಿರುವ ಜಿಲ್ಲೆಗಳೆಂದು ಹೆಸರಾದವು. ಜನ "ಇವರಿಂದ ಜಡ್ಡು ಬಂತು" ಅಂದರು. ಜಡ್ಡು ಇವರಿಗೆ ಯಾರಿಂದ ಬಂತು ಅಂತ ಕೇಳಿದವರು ಕಡಿಮೆ.

4. ಒಂದು ಜಡ್ಡು ರಕ್ತದಲ್ಲಿ, ಇನ್ನೊಂದು ಜನರ ಬಾಯಲ್ಲಿ

ಒಬ್ಬ ತಾಯಿ ಇದ್ದಾಳೆ ಅಂತ ಇಟ್ಟುಕೊಳ್ಳೋಣ. ಆಕೆಗೆ ಮೇಲಿಂದ ಮೇಲೆ ಜ್ವರ, ತೂಕ ಇಳಿದಿದೆ. ಆಕೆ ದವಾಖಾನಿ ತನಕ ಎಷ್ಟು ಅಡ್ಡಿ ದಾಟಬೇಕು, ಎಣಿಸೋಣ.

ಮೊದಲನೆಯದು ಪರೀಕ್ಷೆ. "ಆ ಖೋಲಿಗೆ ಹೋದರ ಜನ ನೋಡತಾರ" ಎಂಬ ಅಂಜಿಕೆ. ಎರಡನೆಯದು ದಾರಿ. ಟಮ್‌ಟಮ್ ಖರ್ಚು, ಒಂದು ದಿನದ ಕೂಲಿ. ದೊಡ್ಡ ದವಾಖಾನಿ ಅಂತ ಬೆಳಗಾವಿಗೆ ಹೋಗಬೇಕಾದರೆ ಗೋಕಾಕದಿಂದ 60 ಕಿ.ಮೀ. ಮೇಲೆ. ಮೂರನೆಯದು ಮಾತು. ಚೀಟಿ ಬರೆಯುವಲ್ಲಿ "ಗಂಡನ ಹೆಸರು ಹೇಳವ್ವ" ಅಂತ ನಾಲ್ಕು ಮಂದಿ ಮುಂದೆ ಕೇಳಿದರೆ ಆಕೆ ಏನು ಹೇಳಬೇಕು? ನಾಲ್ಕನೆಯದು ಗುಳಿಗಿ. ಮನೆಯಲ್ಲಿ ಯಾರಿಗೂ ಕಾಣದ ಹಾಗೆ ಡಬ್ಬಿ ಎಲ್ಲಿ ಇಡಬೇಕು? ಐದನೆಯದು ಮಗು. ಶಾಲೆಯಲ್ಲಿ ಗೊತ್ತಾದರೆ ಬೇರೆ ಕೂಡಿಸುತ್ತಾರೇನೋ ಎಂಬ ಚಿಂತೆ.

ಈ ಐದರಲ್ಲಿ ಔಷಧಿಯ ಕೊರತೆ ಎಷ್ಟಿದೆ? ಒಂದೂ ಇಲ್ಲ. ಯಾಕಂದ್ರ 2004ರ ಏಪ್ರಿಲ್‌ನಿಂದ ಭಾರತ ಸರಕಾರ ಎ.ಆರ್.ಟಿ. ಚಿಕಿತ್ಸೆಯನ್ನು ಉಚಿತವಾಗಿ ಕೊಡುತ್ತಾ ಬಂದಿದೆ. 2017ರಿಂದ, ರೋಗ ಎಷ್ಟು ಮುಂದುವರಿದಿದೆ ಅಂತ ಕಾಯದೆ, ಎಚ್.ಐ.ವಿ. ಇದೆ ಎಂದು ತಿಳಿದ ಎಲ್ಲರಿಗೂ ಚಿಕಿತ್ಸೆ ಶುರು ಮಾಡುತ್ತಾರೆ. ಈಗ ಹೆಚ್ಚಿನವರಿಗೆ ದಿನಕ್ಕೆ ಒಂದು ಗುಳಿಗಿ ಸಾಕು. ತಪ್ಪದೆ ನುಂಗಿದರೆ ರಕ್ತದಲ್ಲಿ ವೈರಾಣು ಪರೀಕ್ಷೆಗೆ ಸಿಗದಷ್ಟು ಕಡಿಮೆ ಆಗುತ್ತದೆ. ಹಾಗೆ ಕಡಿಮೆ ಆಗಿ ಉಳಿದವರಿಂದ ದೈಹಿಕ ಸಂಪರ್ಕದಲ್ಲಿ ಎಚ್.ಐ.ವಿ. ಹರಡುವುದಿಲ್ಲ. ಬಸುರಿಗೆ ಚಿಕಿತ್ಸೆ ಸಿಗದಿದ್ದರೆ 100 ಕೂಸುಗಳಲ್ಲಿ 15ರಿಂದ 45 ಕೂಸುಗಳಿಗೆ ತಾಯಿಯಿಂದ ಸೋಂಕು ಬರಬಹುದು. ತಾಯಿಗೂ ಕೂಸಿಗೂ ಸರಿಯಾಗಿ ಔಷಧಿ ಕೊಟ್ಟರೆ ಅದು 5ಕ್ಕಿಂತ ಕೆಳಗೆ ಇಳಿಯುತ್ತದೆ.

ಅಂದ ಮೇಲೆ ಇವತ್ತು ಎಚ್.ಐ.ವಿ.ಯಿಂದ ಒಂದು ಜೀವ ಹೋಗುತ್ತಿದ್ದರೆ, ಒಂದು ಕೂಸಿಗೆ ಸೋಂಕು ಬರುತ್ತಿದ್ದರೆ, ಬಹಳ ಸಲ ಅದಕ್ಕೆ ಕಾರಣ ಔಷಧಿ ಇಲ್ಲದ್ದಲ್ಲ. ಆ ತಾಯಿ ಬಾಗಿಲಿನ ತನಕ ಬರದಂತೆ ಮಾಡಿದ ನಮ್ಮ ನೋಟ, ನಮ್ಮ ಮಾತು.

ಇನ್ನೂ ಕೆಲವರಿಗೆ ಅನುಮಾನ ಇರುತ್ತದೆ, ಸ್ಪಷ್ಟ ಹೇಳುತ್ತೇವೆ: ಜೊತೆ ಕೂತು ಉಂಡರೆ, ಒಂದೇ ಕೊಡದ ನೀರು ಕುಡಿದರೆ, ಕೈ ಹಿಡಿದರೆ, ಕೂಸನ್ನು ಎತ್ತಿ ಆಡಿಸಿದರೆ, ಸೊಳ್ಳೆ ಕಡಿದರೆ ಎಚ್.ಐ.ವಿ. ಬರುವುದಿಲ್ಲ.

5. ಹಿಂದೆ ತಳ್ಳಲ್ಪಟ್ಟವರೇ ಮುಂದೆ ಬಂದಾಗ

ನಮ್ಮ ಗೋಕಾಕ ತಾಲೂಕಿನ ಘಟಪ್ರಭಾದಲ್ಲಿಯೇ ಇದಕ್ಕೆ ಉತ್ತರ ಕೂಡ ಹುಟ್ಟಿತು. 1990ರ ದಶಕದ ಆರಂಭದಲ್ಲಿ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮ ಮತ್ತು ಮೈರಾಡ ಸಂಸ್ಥೆ ಕೂಡಿ ದೇವದಾಸಿಯರ ನಡುವೆ ಕೆಲಸ ಶುರು ಮಾಡಿದವು. ಅದರಿಂದ 1997ರಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಜನ ಕರೆಯುವಂತೆ 'ಮಾಸ್', ಹುಟ್ಟಿತು. ಅದನ್ನು ನಡೆಸಿದವರು ಹೊರಗಿನಿಂದ ಬಂದ ಸಾಹೇಬರಲ್ಲ, ಮಾಜಿ ದೇವದಾಸಿಯರೇ. ಸಂಘ ಕಟ್ಟಿದರು, ರೊಕ್ಕ ಉಳಿಸಿದರು, ಸಾಲ ಕೊಟ್ಟು ಕೊಂಡರು, ಮುತ್ತು ಕಟ್ಟುವ ಸುದ್ದಿ ಬಂದಲ್ಲಿ ಹೋಗಿ ತಡೆದರು, ಎಚ್.ಐ.ವಿ. ತಿಳುವಳಿಕೆ ಕೊಟ್ಟರು. ಆ ಸಂಸ್ಥೆಯನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂತು. ಬಾಲ್ಯದಲ್ಲೇ ಮುತ್ತು ಕಟ್ಟಿಸಿಕೊಂಡ ಒಬ್ಬ ಹೆಣ್ಣುಮಗಳು ರಾಷ್ಟ್ರಪತಿ ಭವನದ ತನಕ ನಡೆದದ್ದು ನಮ್ಮ ಜಿಲ್ಲೆಯ ಮಾತು.

ಇದರಲ್ಲಿ ನಮಗೆ ಒಂದು ಪಾಠ ಇದೆ. ಕಷ್ಟ ಉಂಡವರನ್ನು ಫಲಾನುಭವಿ ಅಂತ ಸಾಲಿನಲ್ಲಿ ಕೂಡಿಸಿ ಕೊಟ್ಟರೆ ಸಾಲದು. ತೀರ್ಮಾನ ಮಾಡುವ ಚಾಪೆಯ ಮೇಲೂ ಅವರಿಗೆ ಜಾಗ ಬೇಕು. ಒಬ್ಬ ಮಾಜಿ ದೇವದಾಸಿ ಅಕ್ಕ ಇನ್ನೊಬ್ಬಳಿಗೆ "ನಾನೂ ನುಂಗತೇನಿ, ನೀನೂ ನುಂಗು, ಬದುಕತಿ" ಅಂತ ಹೇಳಿದರೆ ಅದಕ್ಕೆ ಇರುವ ತೂಕ ನಮ್ಮ ಭಾಷಣಕ್ಕೆ ಇಲ್ಲ.

6. ಕಾಯ್ದೆ ಏನು ಹೇಳುತ್ತದೆ?

ಎಚ್.ಐ.ವಿ. ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ 2017ರಲ್ಲಿ ಆಯಿತು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ ಮುಖ್ಯ ಮಾತುಗಳು ಹೀಗಿವೆ:

- ಎಚ್.ಐ.ವಿ. ಇದೆ ಎಂಬ ಕಾರಣಕ್ಕೆ ಕೆಲಸ, ಶಾಲೆ, ಚಿಕಿತ್ಸೆ, ಬಾಡಿಗೆ ಮನೆ ಇವುಗಳಲ್ಲಿ ಭೇದ ಮಾಡಬಾರದು.
- ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡಬಾರದು. ಪರೀಕ್ಷೆಗೆ ಮೊದಲು ತಿಳಿಸಿ ಹೇಳಬೇಕು.
- ಒಬ್ಬರ ಎಚ್.ಐ.ವಿ. ವಿಷಯವನ್ನು ಅವರ ಒಪ್ಪಿಗೆ ಇಲ್ಲದೆ ಬೇರೆಯವರಿಗೆ ಹೇಳಬಾರದು. ಕಾಯ್ದೆಯಲ್ಲಿ ಹೇಳಿದ ಕೆಲವೇ ಸಂದರ್ಭಗಳು ಇದಕ್ಕೆ ಹೊರತು.
- 20 ಅಥವಾ ಹೆಚ್ಚು ಜನ ಇರುವ ಆರೋಗ್ಯ ಸಂಸ್ಥೆಯಲ್ಲಿ, 100 ಅಥವಾ ಹೆಚ್ಚು ಜನ ಇರುವ ಇತರ ಸಂಸ್ಥೆಗಳಲ್ಲಿ ದೂರು ಕೇಳುವ ಅಧಿಕಾರಿ ಇರಬೇಕು. ರಾಜ್ಯಕ್ಕೆ ಒಂಬಡ್ಸ್‌ಮನ್ ಇರಬೇಕು.

ಇದಲ್ಲದೆ 2025ರಲ್ಲಿ ಕರ್ನಾಟಕ ವಿಧಾನಮಂಡಲ ದೇವದಾಸಿ ಪದ್ಧತಿ ಕುರಿತು ಹೊಸ ಮಸೂದೆ ಅಂಗೀಕರಿಸಿತು. ತಡೆ ಮತ್ತು ಶಿಕ್ಷೆಯ ಜೊತೆಗೆ ಪರಿಹಾರ, ಪುನರ್ವಸತಿ ಮತ್ತು ಮಕ್ಕಳ ಹಕ್ಕಿನ ಮಾತು ಅದರಲ್ಲಿದೆ. ದಾಖಲೆಗಳಲ್ಲಿ ತಂದೆಯ ಹೆಸರು ಬರೆಯಲೇಬೇಕು ಅಂತ ಈ ಮಕ್ಕಳನ್ನು ಒತ್ತಾಯಿಸಬಾರದು ಎಂಬುದು ಅದರ ದೊಡ್ಡ ಅಂಶ. ಹೆಸರಿನ ಒಂದು ಖಾಲಿ ಜಾಗಕ್ಕಾಗಿ ಶಾಲೆ ಬಿಟ್ಟ ಮಕ್ಕಳ ನೋವು ಗೊತ್ತಿದ್ದವರಿಗೆ ಇದರ ಬೆಲೆ ಗೊತ್ತು.

7. ಇನ್ನೂ ಯಾರು ಹೊರಗಿದ್ದಾರೆ?

ದೇವದಾಸಿ ಅಕ್ಕಂದಿರ ಉದಾಹರಣೆ ಕಲಿತ ಮೇಲೆ ನಮ್ಮ ಊರನ್ನು ಮತ್ತೆ ಒಂದು ಸಲ ನೋಡೋಣ.

ಕಬ್ಬಿನ ಹಂಗಾಮಿನಲ್ಲಿ ಬರುವ ಗ್ಯಾಂಗಿನ ಕುಟುಂಬಗಳು. ಅವರ ರೇಶನ್ ಕಾರ್ಡು ಒಂದು ಊರಿನದು, ದುಡಿಮೆ ಇನ್ನೊಂದು ಊರಿನದು. ಅವರ ಕೂಸುಗಳ ಲಸಿಕೆ ಎರಡೂ ಊರಿನ ಲೆಕ್ಕದಲ್ಲಿ ತಪ್ಪಿಹೋಗಬಹುದು. ಜೋಗಪ್ಪಗಳು ಮತ್ತು ಇತರ ಲಿಂಗತ್ವ ಅಲ್ಪಸಂಖ್ಯಾತರು. ಇವರಿಗೆ ತಮ್ಮ ಲಿಂಗತ್ವವನ್ನು ತಾವೇ ಹೇಳಿಕೊಳ್ಳುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. ಆದರೆ ದವಾಖಾನಿಯಲ್ಲಿ ಗಂಡಸರ ಸಾಲೋ ಹೆಂಗಸರ ಸಾಲೋ ಎಂಬ ಪ್ರಶ್ನೆಗೆ ಇನ್ನೂ ನಗು ಉತ್ತರವಾಗಿ ಬರುತ್ತದೆ. ಅಂಗವಿಕಲರು, ಮಕ್ಕಳು ನೋಡದ ಮುದುಕರು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ, ಮಾರ್ಕಂಡೇಯ ನದಿಗಳು ಗೋಕಾಕಕ್ಕೆ ನುಗ್ಗಿದಾಗ ಎಲ್ಲರ ಮನೆಗೂ ನೀರು ಒಂದೇ ರೀತಿ ಬರಲಿಲ್ಲ. ಹೊಳೆಯ ದಂಡೆಗೆ ತಗ್ಗಿನಲ್ಲಿ ಮನೆ ಕಟ್ಟಿಕೊಂಡವರಿಗೆ ಮೊದಲು ಬಂತು. ಅಂಥ ಹೊತ್ತಿನಲ್ಲಿ ದಿನಾ ನುಂಗುವ ಗುಳಿಗಿ, ದವಾಖಾನಿ ಕಾಗದ ನೀರಲ್ಲಿ ಹೋದರೆ ಚಿಕಿತ್ಸೆಯೇ ನಿಂತಂತೆ.

ಕ್ಷಯ ರೋಗದವರನ್ನೂ ಮರೆಯಬಾರದು. ಎಚ್.ಐ.ವಿ. ಇದ್ದವರಿಗೆ ಕ್ಷಯ ಬೇಗ ಹತ್ತುತ್ತದೆ. ಅದರ ಚಿಕಿತ್ಸೆ ಉಚಿತ. ಪೌಷ್ಟಿಕ ಆಹಾರಕ್ಕೆ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು, 2024ರ ನವೆಂಬರ್‌ನಿಂದ ಅದನ್ನು 1,000 ರೂಪಾಯಿ ಮಾಡಿದ್ದಾರೆ. ಅದು ಬ್ಯಾಂಕ್ ಖಾತೆಗೆ ಬರುವುದರಿಂದ ಖಾತೆ ಇಲ್ಲದವರಿಗೆ ನಾವು ಖಾತೆ ಮಾಡಿಸಿಕೊಡಬೇಕು.

8. ನಾವೇನು ಮಾಡಬಹುದು?

ದೊಡ್ಡ ಯೋಜನೆ ಬೇಕಾಗಿಲ್ಲ. ಪ್ರತಿಯೊಂದು ಸಂಘ ಈ ಕೆಲಸಗಳಲ್ಲಿ ಎರಡನ್ನಾದರೂ ಹಿಡಿಯಲಿ.

ಅ) ಜೊತೆ ಹೋಗುವುದು. ದವಾಖಾನಿಗೆ ಒಬ್ಬಳೇ ಹೋಗಲು ಅಂಜುವವರ ಜೊತೆ ಹೋಗಲು ಇಬ್ಬರು ಸದಸ್ಯರನ್ನು ಗೊತ್ತು ಮಾಡಿರಿ. ಹೋದವರು ಕಾರಣ ಕೇಳಬಾರದು, ಬಂದು ಸಭೆಯಲ್ಲಿ ಹೇಳಬಾರದು.

ಆ) ಗುಟ್ಟು ಕಾಯುವುದು. ಯಾರಿಗೆ ಯಾವ ಜಡ್ಡು ಎಂಬ ಪಟ್ಟಿ ಸಂಘದಲ್ಲಿ ಮಾಡಲೇಬಾರದು. ಸಹಾಯ ಬೇಕಾದವರು ತಾವಾಗಿ ಹೇಳಿದರೆ ಸಾಕು.

ಇ) ಹೊತ್ತು ಬದಲಿಸುವುದು. ಶಿಬಿರ, ಲಸಿಕೆ ದಿನಗಳನ್ನು ಕೂಲಿಯವರಿಗೆ, ಗ್ಯಾಂಗಿನವರಿಗೆ ಅನುಕೂಲವಾದ ಹೊತ್ತಿಗೆ ಇಡುವಂತೆ ಆಶಾ ಕಾರ್ಯಕರ್ತೆ ಮತ್ತು ಗ್ರಾಮ ಪಂಚಾಯತಿಗೆ ಬರೆದುಕೊಡಿರಿ.

ಈ) ಕಾಗದ ಮಾಡಿಸುವುದು. ಆಯುಷ್ಮಾನ್ ಭಾರತ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆಯ ನೆರವಿದೆ. ಕಾರ್ಡು ಇಲ್ಲದವರನ್ನು ಹುಡುಕಿ ಮಾಡಿಸಿಕೊಡಿರಿ.

ಉ) ಮಾತು ತಿದ್ದುವುದು. ಮುತ್ತು ಕಟ್ಟಿಸಿಕೊಂಡವರನ್ನು ಹೀಯಾಳಿಸುವ ಶಬ್ದಗಳನ್ನು ನಮ್ಮ ಮನೆಯಲ್ಲಿ, ಮಕ್ಕಳ ಮುಂದೆ ಆಡುವುದನ್ನು ಬಿಡೋಣ. ಅಕ್ಕಾ, ಅವ್ವಾ, ಆಯಿ ಅಂತ ಕರೆಯೋಣ.

ಊ) ಸಂಘದ ಒಳಗೆ ಕರೆಯುವುದು. ನಮ್ಮ ಸಂಘದ ಇಪ್ಪತ್ತು ಜನರಲ್ಲಿ ಹೊರ ಕೇರಿಯವರು ಎಷ್ಟು? ಪದಾಧಿಕಾರಿಗಳಲ್ಲಿ ಎಷ್ಟು?

ನೆನಪಿಡಬೇಕಾದ ನಂಬರುಗಳು: ಎಚ್.ಐ.ವಿ. ಮಾಹಿತಿಗೆ 1097, ಆರೋಗ್ಯ ಸಹಾಯವಾಣಿ 104, ಅಂಬುಲೆನ್ಸಿಗೆ 108. ಪರೀಕ್ಷೆ ಎಲ್ಲಿ, ಎ.ಆರ್.ಟಿ. ಕೇಂದ್ರ ಯಾವುದು ಹತ್ತಿರ ಎಂಬುದನ್ನು ತಾಲೂಕಾ ಸರಕಾರಿ ದವಾಖಾನಿಯ ಆಪ್ತಸಮಾಲೋಚಕರು ಹೇಳುತ್ತಾರೆ.

9. ಸಭೆಯಲ್ಲಿ ಮಾಡುವ ಚಟುವಟಿಕೆ

ನೆಲದ ಮೇಲೆ ರಂಗೋಲಿ ಪುಡಿಯಿಂದ ನಿಮ್ಮ ಊರಿನ ನಕಾಶೆ ಬರೆಯಿರಿ. ದವಾಖಾನಿ, ಅಂಗನವಾಡಿ, ನೀರಿನ ನಳ, ಬಸ್ ನಿಲ್ಲುವ ಜಾಗ ತೋರಿಸಿರಿ. ಈಗ ಪ್ರತಿ ಓಣಿಯಿಂದ ದವಾಖಾನಿಗೆ ಒಂದು ಗೆರೆ ಎಳೆಯಿರಿ. ಎಲ್ಲಿ ಗೆರೆ ಉದ್ದ ಆಯಿತು? ಎಲ್ಲಿ ದಾರಿ ಹತ್ತಿರ ಇದ್ದರೂ ಜನ ಹೋಗುವುದಿಲ್ಲ? ಅಲ್ಲಿ ಒಂದು ಕಲ್ಲು ಇಡಿರಿ. ಆ ಕಲ್ಲಿನ ಹೆಸರು ಏನು ಅಂತ ಮಾತಾಡಿರಿ: ರೊಕ್ಕವೋ, ದೂರವೋ, ಅಂಜಿಕೆಯೋ, ಅವಮಾನವೋ?

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಊರಲ್ಲಿ ಕಳೆದ ವರ್ಷ ದವಾಖಾನಿಗೆ ತಡವಾಗಿ ಹೋದದ್ದರಿಂದ ಕಷ್ಟ ಅನುಭವಿಸಿದವರು ಯಾವ ಓಣಿಯವರು? (ಹೆಸರು ಹೇಳಬೇಡಿರಿ.) ತಡ ಯಾಕೆ ಆಯಿತು?
2. ಎಲ್ಲರಿಗೂ ಒಂದೇ ರೀತಿ ಕೊಟ್ಟರೂ ಅನ್ಯಾಯ ಆಗುತ್ತದೆ ಎನ್ನಲು ನಿಮ್ಮ ಮನೆಯಿಂದ ಒಂದು ಉದಾಹರಣೆ ಕೊಡಿರಿ.
3. ಮಾಜಿ ದೇವದಾಸಿ ಅಕ್ಕನ ಮಗಳ ಮದುವೆಗೆ ನಾವು ಹೋಗುತ್ತೇವೆಯೇ? ಇಲ್ಲದಿದ್ದರೆ ಯಾಕೆ?
4. ಮುಂದಿನ ಮೂರು ತಿಂಗಳಲ್ಲಿ ನಮ್ಮ ಸಂಘ ಯಾವ ಎರಡು ಕೆಲಸ ಮಾಡುತ್ತದೆ? ಯಾರು, ಯಾವಾಗ?

ನಾಲ್ಕನೆಯ ಪ್ರಶ್ನೆಯ ಉತ್ತರವನ್ನು ಠರಾವು ಪುಸ್ತಕದಲ್ಲಿ ಬರೆದು ಸಹಿ ಮಾಡಿರಿ. ಮೂರು ತಿಂಗಳ ನಂತರದ ಸಭೆಯಲ್ಲಿ ಅದನ್ನೇ ಮೊದಲು ಓದಿರಿ. ನಕಾಶೆಯ ಮೇಲೆ ಇಟ್ಟ ಕಲ್ಲುಗಳಲ್ಲಿ ಒಂದಾದರೂ ಸರಿದಿದ್ದರೆ ಈ ಪಾಠ ಕಲಿತಂತೆ.